ಮೌನವೈದ್ಯರ ತೂಕಡಿಕೆ

ಇದು ನಡೆದ ಕತೆ. ಇದರಲ್ಲಿ ನಡೆದವರು ಕಡಿಮೆ, ಕೂತವರೇ ಹೆಚ್ಚು. ಕೂತಲ್ಲೇ ಕಣ್ಣು ಮುಚ್ಚಿದವರಂತೂ ಮುಂದಿನ ಸಾಲಿನಲ್ಲೇ ಇದ್ದರು. ಆದರೂ ನಡೆದದ್ದೇ. ದೊಡ್ಡದೊಂದು ಆಸ್ಪತ್ರೆಯ ಮೇಲಿನ ಮಹಡಿಯ ಸಭಾಂಗಣದಲ್ಲಿ, ಒಂದು ಭಾನುವಾರ, ಮನೋವೈದ್ಯರಿಗೆಂದು ಏರ್ಪಡಿಸಿದ್ದ ತರಬೇತಿಯಲ್ಲಿ.

ಬಾಗಿಲ ಮೇಲೆ ಕಟ್ಟಿದ್ದ ಬ್ಯಾನರಿನಲ್ಲಿ 'ಚಯಾಪಚಯ, ನಡವಳಿಕೆ ಮತ್ತು ನಿದ್ರಾ ಆರೋಗ್ಯ: ಮನೋವೈದ್ಯರಿಗೆ ನಿರಂತರ ಶಿಕ್ಷಣ' ಎಂದು ಬರೆದಿತ್ತು. ಅಷ್ಟುದ್ದದ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ಆರೋಗ್ಯ ಗಟ್ಟಿಯಿರಬೇಕೆಂದು ಕಿರಿಯ ಡಾಕ್ಟರುಗಳು ಅದನ್ನು 'ತೂಕ-ತೂಕಡಿಕೆ' ಎಂದು ಮೊಟಕು ಮಾಡಿಟ್ಟಿದ್ದರು. ತಿಂದ ಅನ್ನ ಮೈಯೊಳಗೆ ಏನೇನಾಗುತ್ತದೆ ಎಂಬುದನ್ನು ಹೇಳುವ ಗಂಭೀರವಾದ ಚಯಾಪಚಯವೂ ಅವರ ಬಾಯಿಗೆ ಸಿಕ್ಕಿ, ಮೊದಲ ಸುತ್ತಿನ ಟೀ ಬರುವಷ್ಟರಲ್ಲಿ 'ಚಹಾಪಚಯ'ವಾಗಿತ್ತು.

ಮನಸ್ಸಿನ ಡಾಕ್ಟರಿಗೆ ಹೊಟ್ಟೆಯ ಪಾಠ ಏಕೆ ಎಂದರೆ, ಅವರು ಬರೆದುಕೊಡುವ ಕೆಲವು ಮಾತ್ರೆಗಳು ತಲೆಯೊಳಗಿನ ಗಲಾಟೆಯನ್ನು ಇಳಿಸುತ್ತವೆ, ಸೊಂಟದ ಸುತ್ತಳತೆಯನ್ನು ಏರಿಸುತ್ತವೆ. ರೋಗಿಯ ಕಿವಿಯಲ್ಲಿ ಕೂಗುತ್ತಿದ್ದ ದನಿ ನಿಲ್ಲುತ್ತದೆ. ರಕ್ತದಲ್ಲಿ ಸಕ್ಕರೆ ಸದ್ದಿಲ್ಲದೆ ಮನೆ ಮಾಡುತ್ತದೆ. ತಲೆ ನೋಡುವವರು ತಲೆಯನ್ನೇ ನೋಡುತ್ತ, ಅದರ ಕೆಳಗೊಂದು ಮೈ ನೇತಾಡುತ್ತಿದೆ ಎಂಬುದನ್ನು ಮರೆತುಬಿಡುತ್ತಾರೆ. ಅದನ್ನು ನೆನಪಿಸಲು ಈ ತರಬೇತಿ. ಇದರಲ್ಲಿ ಸಿಗುವ ಅಂಕಗಳಿಲ್ಲದೆ ವೈದ್ಯರ ನೋಂದಣಿ ನವೀಕರಣವಾಗುವುದಿಲ್ಲ. ಹಾಗಾಗಿ ಸಭಾಂಗಣ ತುಂಬಿತ್ತು. ಜ್ಞಾನದ ಹಸಿವಿನಿಂದ ಬಂದವರು ಯಾರಾದರೂ ಇದ್ದಿದ್ದರೆ ಅವರೂ ಬಿಸ್ಕತ್ತಿನ ತಟ್ಟೆಯ ಸುತ್ತಲೇ ಇದ್ದಿರಬೇಕು.

ಮುಂದಿನ ಸಾಲಿನ ನಟ್ಟನಡುವೆ ದೊಡ್ಡ ಡಾಕ್ಟರು ಕೂತಿದ್ದರು. ಆ ಆಸ್ಪತ್ರೆಯ ಮನೋವೈದ್ಯ ವಿಭಾಗವನ್ನು ಕಟ್ಟಿದವರೇ ಅವರು. ವಯಸ್ಸಿನ ಲೆಕ್ಕದಲ್ಲಿ ನಿವೃತ್ತರಾದರೂ ಆಡಳಿತದವರು ಅವರನ್ನು ಬಿಟ್ಟುಕೊಟ್ಟಿರಲಿಲ್ಲ. ಅವರೂ ಕುರ್ಚಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಬಿಡದಿರುವುದಕ್ಕೆ ಕಾರಣವಿತ್ತು. ಊರಲ್ಲಿ ಔಷಧಿ ಬರೆಯುವ ಡಾಕ್ಟರುಗಳು ಎಷ್ಟೋ ಜನ ಇದ್ದರು, ಮೈಯೆಲ್ಲ ಕಿವಿಯಾಗಿ ಕೇಳುವವರು ಅವರೊಬ್ಬರೇ ಎಂದು ಹೆಸರಾಗಿತ್ತು. ಅವರ ಕ್ರಮವೇ ಬೇರೆ. ರೋಗಿ ಮಾತು ಶುರು ಮಾಡುತ್ತಿದ್ದಂತೆ ಕನ್ನಡಕ ತೆಗೆದು, ಎರಡೂ ಅಂಗೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿ, ಕಣ್ಣು ಮುಚ್ಚಿಬಿಡುವರು. "ಮುಖ ನೋಡ್ತಾ ಕೂತ್ರೆ ಮಾತು ಕೇಳ್ಸಲ್ಲ ಕಣ್ರೋ. ಕಣ್ಣು ಮುಚ್ಚಿ, ಕಿವಿ ತೆಗೀರಿ" ಎಂದು ತಲೆಮಾರುಗಳ ಶಿಷ್ಯರಿಗೆ ಹೇಳಿಕೊಟ್ಟಿದ್ದರು. ಎಡಗಡೆಯ ಸ್ಟೂಲಿನ ಮೇಲೆ ಒಬ್ಬ ಕಿರಿಯ ಡಾಕ್ಟರು ಕೂತು ಬರೆದುಕೊಳ್ಳಬೇಕು. ದೊಡ್ಡವರು ಕಣ್ಣು ತೆಗೆಯುವವರೆಗೆ ಅವನು ತುಟಿ ತೆಗೆಯುವಂತಿಲ್ಲ. ಇದಕ್ಕೇ ಅವರಿಗೆ ಬೆನ್ನ ಹಿಂದೆ 'ಮೌನವೈದ್ಯರು' ಎಂಬ ಹೆಸರು ಬಂದದ್ದು. ಅದು ಅವರ ಕಿವಿಗೂ ಬಿದ್ದಿತ್ತು. ಒಳಗೊಳಗೇ ಖುಷಿಯಾಗಿತ್ತು.

ಈಚೆಗೆ ಮಾತ್ರ ಆ ಖುಷಿಯ ಅಡಿಯಲ್ಲಿ ಇನ್ನೊಂದು ಬಂದು ಕೂತಿತ್ತು. ಬೆಳಿಗ್ಗೆ ಏಳುವಾಗ ತಲೆ ಕಲ್ಲಿನ ಹಾಗೆ ಭಾರ, ಬಾಯಿ ಒಣ ಮರಳು. ರೋಗಿಗಳ ಮಾತಿನ ನಡುವೆ ತೂತು ಬೀಳತೊಡಗಿತ್ತು. "ನನ್ನ ಮಗಳು ಸಾರ್..." ಎಂದು ಶುರುವಾದ ಮಾತು, ಮರುಕ್ಷಣ "ಅದಕ್ಕೇ ಮನೆ ಬಿಟ್ಟುಬಿಟ್ಟೆ" ಎಂಬಲ್ಲಿ ಬಂದು ನಿಂತಿರುತ್ತಿತ್ತು. ಮಗಳಿಂದ ಮನೆ ಬಿಡುವವರೆಗಿನ ದಾರಿ ಎಲ್ಲಿ ಹೋಯಿತು? ಕಣ್ಣು ಮುಚ್ಚಿ ಕೇಳುತ್ತಿದ್ದೆನಲ್ಲ! ಅಂಥ ತೂತಿಗೆಲ್ಲ ದೊಡ್ಡ ಡಾಕ್ಟರು ಒಂದೊಂದು "ಹೂಂ" ಹಾಕಿ ತೇಪೆ ಹಚ್ಚುತ್ತಿದ್ದರು. ಗಂಭೀರವಾದ "ಹೂಂ" ಅದು. ರೋಗಿಗಳು ಅದನ್ನು ಕೇಳಿಯೇ ಅರ್ಧ ಹಗುರಾಗಿ ಎದ್ದುಹೋಗುತ್ತಿದ್ದರು. ಈ ತೂತಿನ ವಿಷಯ ಅವರು ಯಾರಿಗೂ ಹೇಳಿರಲಿಲ್ಲ. ಕೇಳುವುದೊಂದೇ ಗೊತ್ತಿರುವ ಮನುಷ್ಯನಿಗೆ ಕೇಳಲಾಗುತ್ತಿಲ್ಲ ಎಂದರೆ ಮಿಕ್ಕಿದ್ದೇನು, ಹೊಟ್ಟೆ ಮಾತ್ರ.

ಅವತ್ತು ಬೆಳಿಗ್ಗೆ ಆ ಹೊಟ್ಟೆಯದೂ ಮಾನ ಹೋಗಿತ್ತು. ತರಬೇತಿ ಕೊಡಲು ಬೇರೆ ಊರಿನಿಂದ ಬಂದಿದ್ದ ಮೇಡಂ, ಯಾರು ದೊಡ್ಡವರು ಯಾರು ಚಿಕ್ಕವರು ಎಂದೇನೂ ನೋಡದೆ, ಬಾಗಿಲಲ್ಲೇ ತೂಕದ ಯಂತ್ರ ಇಟ್ಟು, ಕೈಯಲ್ಲಿ ಟೇಪು ಹಿಡಿದು ನಿಂತಿದ್ದರು. "ಮೊದಲು ನಮ್ಮ ಮೈ, ಆಮೇಲೆ ರೋಗಿ ಮೈ. ಹತ್ತಿ ಸರ್, ನಾಚ್ಕೋಬೇಡಿ." ದೊಡ್ಡ ಡಾಕ್ಟರು ಹತ್ತಿ ನಿಂತು ಛಾವಣಿಯ ಫ್ಯಾನು ನೋಡಿದರು. ಅಂಕಿಯನ್ನು ನೋಡಿದ್ದು ಅವರನ್ನು ಬಿಟ್ಟು ಎಲ್ಲರೂ. ಅವರ ಯೂನಿಟ್ಟಿನಲ್ಲೂ ತೂಕದ ಯಂತ್ರ ಒಂದಿತ್ತು. ಅದರ ಮೇಲೆ ವರ್ಷಗಳಿಂದ ಹಳೇ ಫೈಲುಗಳ ಕಟ್ಟು ಕೂತಿತ್ತು. ಆ ವಿಭಾಗದಲ್ಲಿ ಯಾರದಾದರೂ ತೂಕ ತಿಳಿದಿದ್ದರೆ ಅದು ಫೈಲುಗಳದ್ದು ಮಾತ್ರ.

ಟೀ ಮುಗಿದ ಮೇಲೆ ಮೇಡಂ ಮೈಕು ಹಿಡಿದರು. "ಈಗ ಮಾದರಿ ಸಂದರ್ಶನ. ಒಬ್ಬರು ರೋಗಿ, ಒಬ್ಬರು ಡಾಕ್ಟರು. ರೋಗಿಗೆ ತೂಕ ಜಾಸ್ತಿ, ನಿದ್ದೆ ಸರಿ ಇಲ್ಲ. ಮುಜುಗರ ಆಗದ ಹಾಗೆ ಹೇಗೆ ಕೇಳಬೇಕು, ಏನು ಸಲಹೆ ಕೊಡಬೇಕು, ಎಲ್ಲರೂ ನೋಡಿ ಕಲೀಬೇಕು. ರೋಗಿ ಪಾತ್ರಕ್ಕೆ ನಟರೊಬ್ಬರನ್ನ ಕರೆಸಿದ್ದೆ. ಬಂದಿಲ್ಲ."

"ನಟರು ಯಾಕೆ ಮೇಡಂ? ನಮ್ಮಲ್ಲಿ ಗಿಳಿ ಇದಾನಲ್ಲ!" ಎಂದು ಹಿಂದಿನಿಂದ ಕೂಗಿದ್ದು ಎರಡನೇ ಯೂನಿಟ್ಟಿನ ಡಾಕ್ಟರಮ್ಮ. ಆಕೆಯ ನಾಲಿಗೆಗೆ ಇಡೀ ಆಸ್ಪತ್ರೆ ಹೆದರುತ್ತಿತ್ತು.

ಗಿಳಿ ಎಂದರೆ ದೊಡ್ಡ ಡಾಕ್ಟರ ಎಡಗಡೆಯ ಸ್ಟೂಲಿನ ಮೇಲೆ ಕೂರುವ ಕಿರಿಯ ಡಾಕ್ಟರು. ಕೇಳಿದ ದನಿಯನ್ನೆಲ್ಲ ಹಾಗೇ ಎತ್ತಿ ಆಡುವ ಜಾಣ. ಲಿಫ್ಟಿನ ಗೊಣಗಾಟದಿಂದ ಹಿಡಿದು ಆಡಳಿತಾಧಿಕಾರಿಯ ಕೆಮ್ಮಿನವರೆಗೆ ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು.

"ಡಾಕ್ಟರ ಕುರ್ಚೀಲಿ ಮಾತ್ರ ನಮ್ಮ ದೊಡ್ಡ ಡಾಕ್ಟರೇ ಕೂರ್ಬೇಕು" ಎಂದು ಡಾಕ್ಟರಮ್ಮ ಮುಂದುವರಿಸಿದಳು. "ಕೇಳೋದು ಹೇಗೆ ಅಂತ ಅವರನ್ನ ನೋಡೇ ಅಲ್ವಾ ನಾವೆಲ್ಲ ಕಲ್ತಿದ್ದು?"

ಸಭೆಯೆಲ್ಲ ಚಪ್ಪಾಳೆ. ಕೆಲವರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು, ಬಾಯಲ್ಲಿ ಏನೂ ಇಲ್ಲದಿದ್ದರೂ. ಬರಲಿರುವುದು ಏನೆಂದು ಆ ಕೋಣೆಯಲ್ಲಿ ಗೊತ್ತಿಲ್ಲದವರು ಇಬ್ಬರೇ: ಪರವೂರಿನ ಮೇಡಂ, ಮತ್ತು ದೊಡ್ಡ ಡಾಕ್ಟರು. ಅವರಂತೂ ಅಟ್ಟಕ್ಕೇರಿಸಿದವರ ಮಾತಿಗೆ ಉಬ್ಬಿ, ಅಂಗಿಯ ಮಡಿಕೆ ಎಳೆದುಕೊಂಡು ವೇದಿಕೆ ಹತ್ತಿದರು. ಬಹಳ ದಿನಗಳ ಮೇಲೆ ತಲೆ ಹಗುರಾದ ಹಾಗಿತ್ತು.

ಅಷ್ಟರಲ್ಲಿ ಹೊರಗೆ ಹೋಗಿದ್ದ ಗಿಳಿ, ಬಾಗಿಲು ತೆಗೆದು ರೋಗಿಯಾಗಿ ಒಳಗೆ ಬಂದ.

ಮೊದಲು ಹೊಟ್ಟೆ ಬಂತು, ಒಂದು ಹೆಜ್ಜೆ ಹಿಂದೆ ಆಸಾಮಿ. ಅಂಗಿಯೊಳಗೆ ಕುರ್ಚಿಯ ದಿಂಬು ತುರುಕಿಕೊಂಡಿದ್ದ. ಬಲಗೈಯಿಂದ ಕುರ್ಚಿಯ ಬೆನ್ನು ಹಿಡಿದು, "ಉಸ್ಸ್" ಎಂದು ಅರ್ಧ ಕೂತು, ಸ್ವಲ್ಪ ತಡೆದು, "ಅಪ್ಪಾ" ಎಂದು ಪೂರ್ತಿ ಕೂತ. ಕನ್ನಡಕ ತೆಗೆದ. ಅಂಗೈಗಳನ್ನು ದಿಂಬಿನ ಮೇಲೆ ಜೋಡಿಸಿದ. ಕಣ್ಣು ಮುಚ್ಚಿದ.

ಸಭಾಂಗಣ ಒಡೆದುಹೋಗುವಂತೆ ನಕ್ಕಿತು.

"ಶ್! ರೋಗಿ ಎದುರಿಗೆ ನಗಬಾರ್ದು" ಎಂದು ದೊಡ್ಡ ಡಾಕ್ಟರು ಗದರಿದರು. ನಗು ಇಮ್ಮಡಿಯಾಯಿತು. "ಏನ್ರೀ ಇದು, ಚಿಕ್ಕ ಮಕ್ಕಳ ಹಾಗೆ?" ಮುಮ್ಮಡಿಯಾಯಿತು.

ಅವರು ಅಭ್ಯಾಸದಂತೆ ಕನ್ನಡಕ ತೆಗೆದು ರೋಗಿಯ ಕಡೆ ತಿರುಗಿದರು. "ಹೇಳಿ, ಏನು ತೊಂದ್ರೆ?"

"ನನಗೇನೂ ತೊಂದ್ರೆ ಇಲ್ಲ ಡಾಕ್ಟ್ರೇ" ಎಂದ ರೋಗಿ, ಕಣ್ಣು ತೆಗೆಯದೆ. "ತೊಂದ್ರೆ ಇರೋದು ಪಕ್ಕದ ರೂಮಿನೋರಿಗೆ."

ಆಗ ದೊಡ್ಡ ಡಾಕ್ಟರಿಗೆ ತಿಳಿಯಿತು, ಈ ರೋಗಿ ತಾವೇ ಎಂದು. ಹೊಟ್ಟೆ ನೋಡಿದಾಗ ತಿಳಿದಿರಲಿಲ್ಲ, "ಉಸ್ಸಪ್ಪಾ" ಕೇಳಿದಾಗಲೂ ಇಲ್ಲ. ನಮ್ಮ ನಡಿಗೆಯನ್ನು ನಾವು ನೋಡಿರುವುದಿಲ್ಲವಲ್ಲ. ದನಿ ಮಾತ್ರ ಅವರದ್ದೇ. ಸ್ವಲ್ಪ ಮೂಗಿನಿಂದ ಬರುವ, ಪ್ರತಿ ಮಾತಿನ ಕೊನೆಯಲ್ಲಿ ಕೆಳಗಿಳಿದು ಕೂರುವ, ಸಭೆ ಸಮಾರಂಭಗಳ ಧ್ವನಿಮುದ್ರಿಕೆಯಲ್ಲಿ ಕೇಳಿ 'ಇಷ್ಟು ಕೆಟ್ಟದಾಗಿದೆಯೇ' ಎಂದು ಅವರು ಬೇಸರಪಟ್ಟಿದ್ದ ದನಿ. ದೊಡ್ಡ ಡಾಕ್ಟರ ಕಿವಿಯ ತುದಿ ಬಿಸಿಯಾಯಿತು. ಸಭೆಯ ಕಡೆ ನೋಡಿದರು. ಎಲ್ಲ ಹಲ್ಲು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಎದ್ದರೆ, 'ಹೌದು, ಅದು ನಾನೇ' ಎಂದು ಸಹಿ ಹಾಕಿದ ಹಾಗೆ. ಕೂತೇ ಇದ್ದರು. ಆಡಲಿ ಹುಡುಗರು. ಅವರೂ ಒಂದು ಕಾಲಕ್ಕೆ ತಮ್ಮ ಗುರುಗಳ ಕುಂಟುನಡೆಯನ್ನು ಹಾಸ್ಟೆಲಿನ ಊಟದ ಸಾಲಿನಲ್ಲಿ ನಡೆದು ತೋರಿಸಿದವರೇ.

"ಪಕ್ಕದ ರೂಮಲ್ಲಿ ಯಾರಿದಾರೆ?" ಎಂದರು, ದನಿ ಅಲುಗದಂತೆ.

"ನಮ್ಮನೆಯೋರು. ಮೊದಲು ಪಕ್ಕದಲ್ಲಿ ಮಲಗ್ತಿದ್ರು, ಈಗ ಪಕ್ಕದ ರೂಮಲ್ಲಿ ಮಲಗ್ತಾರೆ. ಸಂಸಾರ ಹಾಗೇ ಇದೆ, ನಡುವೆ ಒಂದು ಗೋಡೆ ಬಂದಿದೆ ಅಷ್ಟೇ."

ಇದು ಹೆಂಡತಿಯದೇ ಮಾತು. ಫೈಲು ಕೊಡಲು ಮನೆಗೆ ಬಂದ ಹುಡುಗನಿಗೆ ಕಾಫಿಯ ಜೊತೆ ಇದನ್ನೂ ಕೊಟ್ಟು ಕಳಿಸಿದ್ದಾಳೆ, ಮಹಾರಾಯಿತಿ!

"ಗೊರಕೆ ಹೊಡೀತೀರಾ?"

"ನಾನಂತೂ ಕೇಳಿಲ್ಲ."

ಮೇಡಂ ಕೂಡ ನಕ್ಕರು. ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿಯ ಕೈ ಬಡಿದರು.

"ನಡುವೆ ಉಸಿರು ನಿಂತ ಹಾಗಾಗತ್ತೆ ಅಂತ ಮನೆಯೋರು ಹೇಳಿದಾರಾ?"

"ಹೇಳಿದಾರೆ. ನಿಂತಾಗ ಅವರಿಗೆ ಸ್ವಲ್ಪ ನಿದ್ದೆ ಹತ್ತತ್ತಂತೆ."

"ತೂಕ ಎಷ್ಟಿದೆ?"

"ಯಂತ್ರದ ಮೇಲೆ ಫೈಲಿದಾವೆ ಡಾಕ್ಟ್ರೇ. ಅವು ಇಳಿದ್ಮೇಲೆ ನಾನು ಹತ್ತಬೇಕು."

"ನಡಿಗೆ? ವ್ಯಾಯಾಮ?"

"ಬೇಕಾದಷ್ಟು. ದಿನಾ ಬಂದೋರಿಗೆಲ್ಲ ನಡೀರಿ, ನಡೀರಿ ಅಂತಾನೇ ಇರ್ತೀನಿ. ಅವರು ನಡೀತಾರೋ ಇಲ್ವೋ, ನನ್ನ ಬಾಯಂತೂ ನಡೀತಿರತ್ತೆ."

"ಸಾಕೋ ಗಿಳಿ, ಪಕ್ಕೆ ನೋಯ್ತಿದೆ!" ಎಂದು ಕೂಗಿದಳು ಎರಡನೇ ಯೂನಿಟ್ಟಿನ ಡಾಕ್ಟರಮ್ಮ.

ದೊಡ್ಡ ಡಾಕ್ಟರು ಕೂಡ ತುಟಿಯ ಒಂದು ಕೊನೆಯಲ್ಲಿ ನಕ್ಕರು. ಅವರಿಗೆ ಈಗ ಒಂದು ಹಟ ಬಂದಿತ್ತು. ಇವರು ಇವರ ಆಟ ಆಡಲಿ, ನಾನು ನನ್ನ ಕೆಲಸ ಮಾಡಿ ತೋರಿಸುತ್ತೇನೆ. ಒಬ್ಬ ಕೋಡಂಗಿ ರೋಗಿಯಾಗಿ ಬಂದರೂ ಅವನನ್ನೂ ಕ್ರಮವಾಗಿ ಕೇಳುವುದು ಹೇಗೆಂದು ಇವರು ನೋಡಿ ಮನೆಗೆ ಹೋಗಲಿ.

"ಏನು ಕೆಲಸ ಮಾಡ್ತೀರಿ?"

"ಕೂರೋ ಕೆಲಸ. ಜನ ಬಂದು ಕಷ್ಟ ಹೇಳ್ಕೋತಾರೆ, ನಾನು ಕೇಳಿಸ್ಕೋತೀನಿ."

"ಕೆಲಸದ ಹೊತ್ತಲ್ಲಿ ನಿದ್ದೆ ಬರತ್ತಾ?"

ಇದಕ್ಕೇ ಕಾದಿದ್ದವನಂತೆ ಗಿಳಿ ಬಾಯಲ್ಲಿ ಉತ್ತರ ಕೊಡಲಿಲ್ಲ. ಮುಚ್ಚಿದ ಕಣ್ಣು ಮುಚ್ಚಿಯೇ ಇತ್ತು. ಗದ್ದ ಎದೆಯ ಕಡೆಗೆ ಇಳಿಯಿತು, ಒಂದು ಸಲ ಎಚ್ಚೆತ್ತು ಏರಿತು, ಇನ್ನೂ ಕೆಳಗಿಳಿಯಿತು. ಮೂಗಿನಿಂದ ತೆಳ್ಳಗೆ ಒಂದು ಸೀಟಿ ಹೊರಟಿತು. ಸೀಟಿ ಬೆಳೆದು ಗರಗಸವಾಗಿ, ಗರಗಸ ಮರದ ಗಂಟಿಗೆ ಸಿಕ್ಕಿ ತಟಕ್ಕನೆ ನಿಂತು, ಆಸಾಮಿ ಬೆಚ್ಚಿಬಿದ್ದು ಎಂದ: "ಹೂಂ... ಆಮೇಲೆ?"

ಸಭೆ ಕುರ್ಚಿಗಳಿಂದ ಜಾರಿತು. ದೊಡ್ಡ ಡಾಕ್ಟರ ತುಟಿಯ ಕೊನೆಯ ನಗು ಮಾತ್ರ ಅಳಿಸಿಹೋಯಿತು. ಆ "ಹೂಂ" ತಮ್ಮೊಬ್ಬರದೇ ಗುಟ್ಟು ಎಂದುಕೊಂಡಿದ್ದರು. ಅದು ಕ್ಯಾಂಟೀನಿನ ನಗೆಚಾಟಿಕೆಯಾಗಿ ಎಷ್ಟು ದಿನವಾಗಿತ್ತೋ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಮೇಡಂ ಗಡಿಯಾರ ನೋಡುತ್ತಿದ್ದರು, ಗಿಳಿಯೂ ದಿಂಬು ಸರಿಮಾಡಿಕೊಂಡು ಏಳುವ ಅಂದಾಜಿನಲ್ಲಿದ್ದ. ಆದರೆ ಬೆಳಗ್ಗಿನ ಪಾಠದಲ್ಲಿ, ನಿದ್ದೆಯ ತೊಂದರೆಯವರನ್ನು ತಪ್ಪದೆ ಕೇಳಬೇಕಾದ ಪ್ರಶ್ನೆಯೊಂದನ್ನು ಮೇಡಂ ಪರದೆಯ ಮೇಲೆ ದಪ್ಪಕ್ಷರದಲ್ಲಿ ತೋರಿಸಿದ್ದರು. ದೊಡ್ಡ ಡಾಕ್ಟರು ಕ್ರಮ ತಪ್ಪುವವರಲ್ಲ.

"ನೀವು ಹೀಗೆ ತೂಕಡಿಸಿದ್ರಿಂದ ಯಾರಿಗಾದ್ರೂ ತೊಂದ್ರೆ ಆಗಿದೆಯಾ?"

ಇನ್ನೊಂದು ಪಟಾಕಿ ಹಾರುತ್ತದೆಂದು ಸಭೆ ಬಾಯಿ ತೆರೆದುಕೊಂಡು ಕಾದಿತು. ಗಿಳಿ ಕಣ್ಣು ತೆಗೆದ. ಸಭೆಯನ್ನು ನೋಡಲಿಲ್ಲ, ಎದುರಿಗಿದ್ದವರನ್ನು ನೋಡಿದ.

"ಆಗಿದೆ" ಎಂದ. ದನಿ ಇನ್ನೂ ದೊಡ್ಡ ಡಾಕ್ಟರದ್ದೇ. "ಒಬ್ಬ ತಾಯಿ ಬರ್ತಿದ್ರು. ಮಗನ ಅಂಗಿ ತೋಳು ಹಿಡ್ಕೊಂಡೇ ಒಳಗೆ ಬರೋರು. ದೊಡ್ಡ ಹುಡುಗ. ತಲೆಯೊಳಗೆ ಯಾರೋ ಬೈತಾರೆ ಅಂತ ಕಿವಿ ಮುಚ್ಕೊಂಡು ಕೂರ್ತಿದ್ದ. ನನ್ನ ಮಾತ್ರೇಲಿ ಬೈಗುಳ ನಿಲ್ತು."

ದೊಡ್ಡ ಡಾಕ್ಟರಿಗೆ ನೆನಪಿತ್ತು. ನೆನಪಿರುವುದೇನು, ಆ ಹುಡುಗನನ್ನು ಅವರು ಎಷ್ಟೋ ಭಾಷಣಗಳಲ್ಲಿ ಮೆರೆಸಿದ್ದರು. 'ಒಂದೇ ಮಾತ್ರೆ, ತಾಳ್ಮೆಯ ಕಿವಿ, ಗುಣವಾದ ಹುಡುಗ. ಈಗ ಬರುವ ಅಗತ್ಯವೂ ಇಲ್ಲದಷ್ಟು ಚೆನ್ನಾಗಿದ್ದಾನೆ.'

"ಕೊನೇ ಸಲ ಆಯಮ್ಮ ಒಬ್ರೇ ಬಂದು ಏನೇನೋ ಹೇಳಿದ್ರು. ಮಗ ನೀರು ಕುಡಿದಷ್ಟೂ ಸಾಲ್ದು ಅಂತಾನೆ, ಕೊಡ ಕೊಡವೇ ಎತ್ತಿ ಕುಡೀತಾನೆ. ರಾತ್ರಿಯೆಲ್ಲ ಬಚ್ಚಲಿಗೆ ಓಡಾಡ್ತಾನೆ. ಮೊದಲು ಊದ್ಕೊಂಡ, ಈಗ ಇದ್ದಕ್ಕಿದ್ದ ಹಾಗೆ ಇಳೀತಿದಾನೆ, ಉಸಿರು ಒಂಥರಾ ವಾಸನೆ ಬರತ್ತೆ ಸಾರ್, ಅಂದ್ರು." ಗಿಳಿಯ ಗಂಟಲಲ್ಲಿ ಮೂಗಿನ ದನಿ ಸವೆಯುತ್ತ ಬಂತು. "ಅಳ್ತಾ ಅಳ್ತಾ ಎಲ್ಲಾ ಹೇಳಿದ್ರು. ನಾನು ಕಣ್ಣು ಮುಚ್ಚಿದ್ದೆ."

ಅಲ್ಲಿ ಕೂತಿದ್ದವರು ಮನಸ್ಸಿನ ಡಾಕ್ಟರುಗಳಾದರೂ ಡಾಕ್ಟರುಗಳೇ. ನೀರು, ಬಚ್ಚಲು, ಉಸಿರಿನ ವಾಸನೆ ಎಂದರೆ ಸಕ್ಕರೆ ಮಿತಿಮೀರಿದೆ, ಈಗಿಂದೀಗಲೇ ಆಸ್ಪತ್ರೆಗೆ ಸೇರಿಸಬೇಕು ಎಂಬುದು ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ನಗು ಅಲ್ಲೊಂದು ಇಲ್ಲೊಂದು ಉಳಿದಿದ್ದದ್ದೂ ಆರಿತು.

"ಆಮೇಲೆ?" ಎಂದರು ದೊಡ್ಡ ಡಾಕ್ಟರು. ಅಭ್ಯಾಸದಿಂದ ಬಾಯಿಗೆ ಬಂದ ಮಾತು. ಯಾರೋ ಒಬ್ಬರು ಕಿಸಕ್ಕೆಂದು, ಪಕ್ಕದವರು ತಿವಿದಿದ್ದಕ್ಕೆ ಸುಮ್ಮನಾದರು.

"ನಾನು ಕಣ್ಣು ತೆಗೆದು, ಅದೇ ಮಾತ್ರೆ ಮುಂದುವರ್ಸಿ ಅಂದೆ."

ಅವರಿಗೆ ಅದೂ ನೆನಪಿತ್ತು. ತಾಯಿ ಒಳಗೆ ಬಂದದ್ದು, ಕುರ್ಚಿ ಎಳೆದುಕೊಂಡದ್ದು, ಆಮೇಲೆ "ಹಾಗಾದ್ರೆ ಅದೇ ಮಾತ್ರೇನಾ ಸಾರ್?" ಎಂದು ನಿಂತುಕೊಂಡು ಕೇಳಿದ್ದು. ಆಕೆಯ ಕೆನ್ನೆ ಒದ್ದೆಯಾಗಿತ್ತು. ಮಗ ಗುಣವಾದ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡಿದ್ದರು. ಈ ತುದಿಗೂ ಆ ತುದಿಗೂ ನಡುವೆ ಇದ್ದದ್ದು ಈಗ ಮೊದಲ ಸಲ ಕಿವಿಗೆ ಬೀಳುತ್ತಿತ್ತು, ಅದೂ ತಮ್ಮದೇ ದನಿಯಲ್ಲಿ.

"ಆ ವಾರವೇ ಹುಡುಗ ಪ್ರಜ್ಞೆ ತಪ್ಪಿ ಬಿದ್ದ. ಬೇರೆ ಆಸ್ಪತ್ರೇಲಿ ಹಾಕಿದ್ರು. ಯಾವ ಮಾತ್ರೆ ಕೊಡ್ತಿದ್ರಿ ಅಂತ ಅಲ್ಲಿಂದ ಫೋನು ಬಂತು."

"ಬದುಕಿದ್ನಾ?"

"ಇಲ್ಲ."

ಆ ಒಂದು ಮಾತು ಹೇಳುವಾಗ ಅಲ್ಲಿ ಯಾರ ಅನುಕರಣೆಯೂ ಇರಲಿಲ್ಲ. ಗಿಳಿಗೆ ಸ್ವಂತ ದನಿ ಒಂದಿದೆ, ಅದು ಇಷ್ಟು ಸಣ್ಣದಾಗಿದೆ ಎಂದು ಸಭೆಗೆ ಗೊತ್ತಾದದ್ದೇ ಆಗ. ಆದರೂ ಸಭೆಯವರು ಅದನ್ನು ನಟನೆ ಎಂದೇ ತಿಳಿದರು. ಏನು ಅಭಿನಯ ಮಾಡ್ತಾನಪ್ಪ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದೊಡ್ಡ ಡಾಕ್ಟರು ಮೇಜಿನ ಅಂಚು ಹಿಡಿದುಕೊಂಡಿದ್ದರು. "ಆಗ ನಿಮ್ಮ ಪಕ್ಕದಲ್ಲಿ ಯಾರೂ ಇರ್ಲಿಲ್ವಾ?"

"ಇದ್ದ. ಒಬ್ಬ ಕಿರಿಯ."

"ಅವನೂ ನಿದ್ದೆ ಹೋಗಿದ್ನಾ?"

"ಇಲ್ಲ. ಎಚ್ಚರವಾಗಿದ್ದ. ದೊಡ್ಡವರು ಕಣ್ಣು ಮುಚ್ಚಿದಾರೆ ಅಂದ್ರೆ ಕೇಳ್ತಿದಾರೆ, ನಡುವೆ ಬಾಯಿ ಹಾಕ್ಬಾರ್ದು ಅಂತ ಅವನಿಗೆ ಹೇಳ್ಕೊಟ್ಟಿದ್ರು."

"ಗೊರಕೆ ಕೇಳಿಸ್ಲಿಲ್ವಾ ಅವನಿಗೆ?"

ಗಿಳಿ ದಿಂಬಿನ ಮೇಲೆ ಕಟ್ಟಿದ್ದ ಕೈ ಬಿಟ್ಟ. "ಕೇಳಿಸ್ತು."

"ಮತ್ತೆ? ಆಯಮ್ಮ ಎದ್ದು ಹೋದ್ಮೇಲಾದ್ರೂ ಓಡಿಹೋಗಿ ಹಿಡ್ಕೋಬಹುದಿತ್ತಲ್ಲ? ಸಕ್ಕರೆ ನೋಡ್ಸಮ್ಮ ಅಂತ ಒಂದು ಮಾತು?"

"ಅವನೂ ಹಾಗೇ ಅಂದ್ಕೊಂಡ ಡಾಕ್ಟ್ರೇ. ಹೊರಗೆ ಇನ್ನೂ ಎಷ್ಟೋ ಜನ ಕಾಯ್ತಿದ್ರು. ಒಳಗೆ ಇನ್ನೊಬ್ಬರು ಬಂದು ಕೂತುಬಿಟ್ರು."

"ಫೋನು ಎತ್ತಿದೋನು ನೀನೇ ಅಲ್ವಾ, ನನಗೆ ಯಾಕೆ ಹೇಳ್ಲಿಲ್ಲ?" ದೊಡ್ಡ ಡಾಕ್ಟರ ದನಿ ಒಡೆಯಿತು. "ಅಷ್ಟೂ ಕಡೆ ಆ ಹುಡುಗನ ಹೆಸರು ಹೇಳ್ಕೊಂಡು ತಿರುಗಿದೀನಲ್ಲೋ, ನೀನು ಪಕ್ಕದಲ್ಲೇ ಕೂತು ಚಪ್ಪಾಳೆ ತಟ್ತಿದ್ದೆ!"

"ಸರ್, ಸರ್" ಎಂದು ಮೇಡಂ ಮೈಕಿನಲ್ಲಿ ನಯವಾಗಿ ತಡೆದರು. "ನೀವು ಡಾಕ್ಟರ ಪಾತ್ರ. ರೋಗೀನ ಬೈಯೋ ಹಾಗಿಲ್ಲ. ಸಮಯ ಆಗ್ತಾ ಬಂತು, ಸಲಹೆ ಕೊಟ್ಟು ಮುಗಿಸಿ."

ಪಾತ್ರ. ಹೌದು. ದೊಡ್ಡ ಡಾಕ್ಟರು ನೆಟ್ಟಗೆ ಕೂತರು. ಇಷ್ಟು ವರ್ಷ ಸಾವಿರಾರು ಜನರಿಗೆ ಸಲಹೆ ಕೊಟ್ಟ ಬಾಯಿಗೆ ಈಗ ಎಂಜಲು ಕೂಡ ಇರಲಿಲ್ಲ. ಎದುರಿಗೆ ದಿಂಬು ಕಟ್ಟಿಕೊಂಡ ಹುಡುಗ, ಅವನ ಹಿಂದೆ ಇಡೀ ವಿಭಾಗ. ಮೃದುವಾಗಿ ಹೇಳಿ ಜಾರಿಕೊಳ್ಳುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಸ್ವಲ್ಪ ಬೇಗ ಮಲಗಿ, ಸಿಹಿ ಬಿಡಿ, ಬೆಳಿಗ್ಗೆ ನಾಲ್ಕು ಹೆಜ್ಜೆ ನಡೆಯಿರಿ. ಅಷ್ಟಂದರೆ ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಾರೆ, ನಾಳೆ ಬೆಳಿಗ್ಗೆ ಹೊರಗಿನ ಬೆಂಚಿನ ಮೇಲೆ ಯಾವಳೋ ಇನ್ನೊಬ್ಬ ತಾಯಿ ಸರದಿ ಕಾಯುತ್ತಿರುತ್ತಾಳೆ.

"ನಿಮ್ಮದು ಬರೀ ಸೋಮಾರಿತನ ಅಲ್ಲ, ಕಾಯಿಲೆ" ಎಂದರು. "ರಾತ್ರಿ ನಿಮ್ಮ ಗಂಟಲು ಮುಚ್ಕೊಂಡು ಉಸಿರು ನಿಲ್ತಿದೆ. ನಿದ್ದೆ ಪರೀಕ್ಷೆ ಮಾಡ್ಸಿ. ಮುಖಕ್ಕೆ ಹಾಕ್ಕೊಂಡು ಮಲಗೋಕೆ ಗಾಳಿ ಊದೋ ಯಂತ್ರ ಕೊಡ್ತಾರೆ, ನಾಚ್ಕೋಬೇಡಿ. ಸಕ್ಕರೆ ನೋಡ್ಸಿ, ತೂಕ ಇಳಿಸಿ. ಇದೆಲ್ಲ ಆಗತ್ತೆ." ನಿಂತು ಉಸಿರೆಳೆದುಕೊಂಡರು. "ಆದ್ರೆ ನಾಳೆ ಬೆಳಿಗ್ಗೆ ಆ ಕುರ್ಚೀಲಿ ಕೂರ್ಬೇಡಿ."

"ಎಷ್ಟು ದಿನ?" ಎಂದ ಗಿಳಿ.

"ಕೂರ್ಬೇಡಿ ಅಂದ್ನಲ್ಲ."

"ಕೂರದೇ ಇದ್ರೆ ಅವರಿಗೆ ಬೇರೆ ಏನಿದೆ ಸಾರ್?" ರೋಗಿ ತನ್ನನ್ನೇ 'ಅವರು' ಎಂದದ್ದನ್ನು ಮೇಡಂ ಗಮನಿಸಲಿಲ್ಲ.

"ಮನೆ ಇದೆ. ಗೋಡೆ ಆಚೆ ಹೆಂಡತಿ ಇದಾಳೆ. ಅವಳ ಮಾತು ಪೂರ್ತಿ ಕೇಳಿಸ್ಕೊಂಡೂ ತುಂಬಾ ಕಾಲ ಆಯ್ತು." ದೊಡ್ಡ ಡಾಕ್ಟರು ಕನ್ನಡಕ ಹಾಕಿಕೊಂಡರು. "ಮತ್ತೆ ನಿಮ್ಮ ಪಕ್ಕದಲ್ಲಿದ್ದ ಆ ಕಿರಿಯನಿಗೂ ಒಂದು ಮಾತು ಹೇಳಿ. ನಾಳೆಯಿಂದ ಆ ಕುರ್ಚೀಲಿ ಅವನು ಕೂರ್ತಾನೆ. ಕಣ್ಣು ಬಿಟ್ಕೊಂಡು ಕೂರ್ಲಿ. ಮೊದಲು ಆ ಫೈಲುಗಳನ್ನ ಇಳಿಸ್ಲಿ. ಆಯಮ್ಮನ ಮನೆ ಹುಡುಕ್ಕೊಂಡು ಹೋಗೋದು ಅವನ ಕೆಲಸ ಅಲ್ಲ, ನಂದು."

ಸಮಯ ಮುಗಿದ ಗಂಟೆ ಹೊಡೆಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡನೇ ಯೂನಿಟ್ಟಿನ ಡಾಕ್ಟರಮ್ಮ ಕೈಲಿದ್ದ ಟೀ ಲೋಟದ ತಳ ನೋಡುತ್ತ ಕೂತಿದ್ದಳು. ಆಟ ಎಲ್ಲಿಗೆ ಮುಗಿದು ಎಲ್ಲಿಂದ ಇದು ಶುರುವಾಯಿತು ಎಂದು ಯಾರಿಗೂ ಖಚಿತವಿರಲಿಲ್ಲ. ಖಚಿತಮಾಡಿಕೊಳ್ಳುವ ಆಸೆಯೂ ಯಾರಿಗೂ ಇದ್ದಂತೆ ಕಾಣಲಿಲ್ಲ.

ಮೇಡಂ ಮಾತ್ರ ಲವಲವಿಕೆಯಿಂದ ಮೈಕು ಹಿಡಿದು ನಡುವೆ ಬಂದರು.

"ತುಂಬಾ ಚೆನ್ನಾಗಿತ್ತು! ಡಾಕ್ಟರ ಪಾತ್ರಕ್ಕೆ ಪೂರ್ತಿ ಅಂಕ. ಪ್ರಶ್ನೆ ಕೇಳಿದ ಕ್ರಮ, ಕೊನೇಲಿ ಆ ಗಟ್ಟಿ ಸಲಹೆ, ಎಲ್ಲರೂ ಕಲೀಬೇಕು. ನಡುವೆ ಒಂದೇ ಒಂದು ಸಲ ರೇಗಿದ್ರು, ಇರ್ಲಿ." ಗಿಳಿಯ ಕಡೆ ತಿರುಗಿ ಬೆರಳು ಅಲ್ಲಾಡಿಸಿದರು. "ಆದ್ರೆ ರೋಗಿ ಪಾತ್ರಕ್ಕೆ ಅರ್ಧವೇ. ನಟನೆ ಸೊಗಸಾಗಿದೆ, ಕತೆ ಮಾತ್ರ ಅತಿಯಾಯ್ತು ಕಣ್ರೀ. ತಾಯಿ ಅಳ್ತಿದ್ರೆ ಡಾಕ್ಟ್ರು ಗೊರಕೆ ಹೊಡೀತಾರೆ, ಪಕ್ಕದಲ್ಲಿರೋ ಡಾಕ್ಟ್ರು ಕೇಳಿಸ್ಕೊಂಡೂ ಸುಮ್ನಿರ್ತಾರೆ, ಇಡೀ ಆಸ್ಪತ್ರೇಲಿ ಒಬ್ರಿಗೂ ಗೊತ್ತೇ ಆಗಲ್ಲ! ಇಂಥ ಆಸ್ಪತ್ರೆ ಎಲ್ಲಾದ್ರೂ ಇರತ್ತಾ? ಮುಂದಿನ ಸಲ ಸ್ವಲ್ಪ ನಂಬೋ ಹಾಗಿರೋ ಕೇಸ್ ತನ್ನಿ."

 ಹಿಂದಿನ ಸಾಲಿನಿಂದ ಯಾರೋ ಮೂಗಿನಲ್ಲೇ ನಕ್ಕರು. ಅದಕ್ಕೇ ಕಾದಿದ್ದ ಹಾಗೆ ಇನ್ನೊಬ್ಬರು, ಮತ್ತೊಬ್ಬರು. ಬದುಕಿದೆಯಾ ಬಡಜೀವ ಎಂಬಂತೆ ಇಡೀ ಸಭಾಂಗಣ ಮತ್ತೆ ನಗತೊಡಗಿತು. ಡಾಕ್ಟರಮ್ಮ ಲೋಟ ಕೆಳಗಿಟ್ಟು ನಕ್ಕಳು. ತಮ್ಮ ಮಾತಿನ ಚುರುಕಿಗೆ ತಾವೇ ಮೆಚ್ಚಿ ಮೇಡಂ ನಕ್ಕರು.

ಅವರೆಲ್ಲರನ್ನೂ ಮೀರಿಸಿ ನಕ್ಕವರು ದೊಡ್ಡ ಡಾಕ್ಟರು. ಮೇಜಿನ ಮೇಲೆ ಬಗ್ಗಿ, ಭುಜ ಕುಲುಕಿಸಿಕೊಂಡು, ಕನ್ನಡಕ ಜಾರಿ ನೆಲಕ್ಕೆ ಬಿದ್ದರೂ ಎತ್ತಿಕೊಳ್ಳದೆ ನಕ್ಕರು. "ಇರಲ್ಲ ಮೇಡಂ! ಎಲ್ಲೂ ಇರಲ್ಲ!" ಎಂದು ಅಂಗೈಯಿಂದ ಮೇಜು ಬಡಿದು, ಕೆಮ್ಮಿ, ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಅಂಗಿಯೊಳಗಿನ ದಿಂಬು ವಾರೆಯಾಗಿದ್ದ ಗಿಳಿ ಮೇಜು ಸುತ್ತಿ ಬಂದು ಅವರ ತೋಳು ಹಿಡಿದು, "ಸಾರ್... ಸಾರ್, ಸಾಕು ಸಾರ್" ಎನ್ನುತ್ತಿದ್ದ. ಆ ಗದ್ದಲದಲ್ಲಿ ಅವನ ಮಾತು ಯಾರಿಗೂ ಕೇಳಿಸಲಿಲ್ಲ. ಸಭೆಯ ನಗು ಏರಿ, ಇಳಿದು, ಒಬ್ಬೊಬ್ಬರಾಗಿ ಊಟದ ಕಡೆ ಎದ್ದು ಹೊರಟರೂ ವೇದಿಕೆಯ ಮೇಲಿನ ಆ ಒಂದು ನಗು ನಿಂತಿರಲಿಲ್ಲ.